ಇಲ್ಲದ ಆರನೆಯ ಸಂಪುಟ

ಜೂನ್ 12

ಅಕ್ಕನಿಗೆ,

ಮೊನ್ನೆ ಫೋನಿನ ತಂತಿ ಇಳಿಸಿದಾಗ ನಮಗೆ ತಲಾ ಒಂದೇ ನಿಮಿಷ ಸಿಕ್ಕಿತು. ಅದರಲ್ಲಿ ಅರ್ಧ ನಿಮಿಷ ನೀನು ಅತ್ತೆ, ಉಳಿದರ್ಧ ನಾನು ಅತ್ತೆ. ಹಾಗಾಗಿ ಹೇಳಬೇಕಾದದ್ದನ್ನು ಬರೆದೇ ಕಳಿಸುತ್ತಿದ್ದೇನೆ.

ನಾವು ಹನ್ನೊಂದು ಮಂದಿ ಇದ್ದೇವೆ. ಯಾರ ಕೈಕಾಲೂ ಮುರಿದಿಲ್ಲ. ಊಟಕ್ಕೆಂದು ಪಂಪಿನ ಕೋಣೆಗೆ ಬಂದು ಡಬ್ಬಿ ಬಿಚ್ಚುವಷ್ಟರಲ್ಲಿ ಗಣಿಯ ದಾರಿ ನಮ್ಮ ಹಿಂದೆ ಕುಸಿಯಿತು. ಒಂಬತ್ತು ದಿನ ನಾವು ಬದುಕಿದ್ದೇವೆಂದು ಮೇಲಿನವರಿಗೆ ಗೊತ್ತಿರಲಿಲ್ಲ. ಈಗ ಪೈಪು ಇಳಿದಿದೆ. ಅದರ ಬಾಯಿ ನನ್ನ ಅಂಗೈಯಷ್ಟೇ ಅಗಲ. ಹಗ್ಗಕ್ಕೆ ಕಟ್ಟಿದ ಉದ್ದನೆಯ ತಗಡಿನ ಡಬ್ಬಿಯೊಂದು ಅದರೊಳಗೆ ಇಳಿದು ಹತ್ತಿ ಮಾಡುತ್ತದೆ. ನೀರು, ಊಟ, ಮಾತ್ರೆ, ಕಾಗದ ಎಲ್ಲವೂ ಅದರಲ್ಲೇ. ಅದಕ್ಕೆ ಅಂಚೆಯಣ್ಣ ಎಂದು ಹೆಸರಿಟ್ಟಿದ್ದೇವೆ. ಮನುಷ್ಯ ಹಿಡಿಸುವಷ್ಟು ದೊಡ್ಡ ತೂತನ್ನು ಬೇರೆ ಕಡೆಯಿಂದ ಕೊರೆಯುತ್ತಿದ್ದಾರಂತೆ. ಎರಡು ತಿಂಗಳಾಗಬಹುದಂತೆ.

ಅಕ್ಕಾ, ಹೆದರಿಕೆಯಾಗುತ್ತದೆ. ತಲೆಯ ಮೇಲಿನ ಬಂಡೆ ಆಗಾಗ ಲಟ್ ಎನ್ನುತ್ತದೆ. ಆಗ ಎಲ್ಲರ ಮಾತೂ ಒಟ್ಟಿಗೇ ನಿಲ್ಲುತ್ತದೆ. ಆಮೇಲೆ ಮೊದಲು ಬಾಯಿ ತೆರೆಯಲು ಯಾರಿಗೂ ಧೈರ್ಯವಾಗುವುದಿಲ್ಲ. ಸದ್ದಿಗಿಂತ ಆ ಮೌನವನ್ನು ತಡೆಯುವುದೇ ಕಷ್ಟ.

ಅದಕ್ಕೇ ಪುಸ್ತಕ ಬೇಕು. ಒಂದು ಸಾಲದು, ಮಾಲಿಕೆಯೇ ಬೇಕು. ನಿನ್ನ ಲೈಬ್ರರಿಯ ಹಿಂದಿನ ಗೋಡೆಯಲ್ಲಿರುವ ಆ ಇಟ್ಟಿಗೆ ದಪ್ಪದವು: ರಾಜರು, ಮಾಂತ್ರಿಕರು, ಸಾವಿರ ವರ್ಷದ ಯುದ್ಧ. ಬಂದವರ ಮುಖ ನೋಡಿ ಯಾರಿಗೆ ಯಾವುದೆಂದು ನೀನು ಆರಿಸಿ ಕೊಡುತ್ತೀಯಲ್ಲ, ಹಾಗೆ ನಮಗೂ ಆರಿಸು. ನಮ್ಮಲ್ಲಿ ಆರು ಮಂದಿ ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟಿದವರಲ್ಲ. ನಾನು ಗಟ್ಟಿಯಾಗಿ ಓದುತ್ತೇನೆ.

ಒಂದೇ ಷರತ್ತು. ಗುಹೆ ಇರಬಾರದು. ಸುರಂಗ ಇರಬಾರದು. ಯಾರೂ ನೆಲದ ಕೆಳಗೆ ಹೋಗಬಾರದು.

ನಿನ್ನ
ಪುಟ್ಟ

ಜೂನ್ 14

ಪುಟ್ಟಾ,

ಗುಹೆ ಇಲ್ಲದ ಮಾಂತ್ರಿಕರ ಕಥೆ ಹುಡುಕುವುದು ಎಂಥ ತಾಪತ್ರಯ ಗೊತ್ತೇನೋ? ನಿನ್ನೆ ಇಡೀ ದಿನ ಏಣಿ ಹಾಕಿಕೊಂಡು ಆ ಗೋಡೆಯ ಮುಂದೆ ಕೂತಿದ್ದೆ. ಎಲ್ಲರೂ ಸುತ್ತಿ ಬಳಸಿ ನೆಲದ ಕೆಳಗೇ ಇಳಿಯುತ್ತಾರೆ! ನಿಧಿ ಇರುವುದು ಅಲ್ಲಿ, ಡ್ರ್ಯಾಗನ್ ಮಲಗುವುದು ಅಲ್ಲಿ, ಕಳೆದುಹೋದ ಕತ್ತಿ ಸಿಗುವುದೂ ಅಲ್ಲೇ. ಹನ್ನೆರಡು ಸಂಪುಟದ್ದೊಂದು ಬಹಳ ಚೆನ್ನಾಗಿದೆ, ಆದರೆ ಮೂರನೆಯದು ಪೂರ್ತಿ ಗಣಿಯಲ್ಲೇ ನಡೆಯುತ್ತದೆ. ವಾಪಸ್ ಇಟ್ಟೆ. ದೇವತೆಗಳ ಯುದ್ಧದ್ದು ಇನ್ನೊಂದು. ಮೊದಲ ಅಧ್ಯಾಯದಲ್ಲೇ ನಲವತ್ತೆರಡು ಜನ, ಒಬ್ಬೊಬ್ಬರಿಗೆ ಮೂರು ಮೂರು ಹೆಸರು. ಯಾರು ಯಾರ ಮಗ ಎಂದು ನೀವು ಅಲ್ಲಿ ಹೊಡೆದಾಡಿಕೊಳ್ಳುತ್ತೀರಿ. ಅದೂ ಬೇಡ.

ಕೊನೆಗೆ ಕೈಗೆ ಬಂದದ್ದು 'ಗಾಳಿಮನೆತನ'. ದ್ವೀಪಗಳ ರಾಜ್ಯ. ಅಲ್ಲಿ ಗಾಳಿ ಒಂದು ಮನೆತನದ ಸ್ವತ್ತು. ಹಾಯಿ ಬಿಚ್ಚಬೇಕಾದರೆ ಅವರ ಅಪ್ಪಣೆ ಬೇಕು. ಹಾಯಿ ಹೊಲಿಯುವ ಹೆಂಗಸೊಬ್ಬಳು ಒಂದು ದಿನ ಗಾಳಿ ಕದಿಯುತ್ತಾಳೆ, ಅಲ್ಲಿಂದ ಕಥೆ. ಮೊದಲೆರಡು ಸಂಪುಟಗಳನ್ನು ನಾನು ಹಿಂದೆ ಓದಿದ್ದೇನೆ. ತುಂಬ ಆಕಾಶವಿದೆ. ಉಳಿದವನ್ನು ಬೇರೆ ಲೈಬ್ರರಿಗಳಿಂದ ತರಿಸುತ್ತಿದ್ದೇನೆ. ಮೊದಲ ಐವತ್ತು ಪುಟ ಆಮೆ ನಡಿಗೆ, ಬಿಡಬೇಡಿ. ಐವತ್ತೊಂದಕ್ಕೆ ಬಿರುಗಾಳಿ ಬರುತ್ತದೆ.

ಇಡೀ ಪುಸ್ತಕ ನಿಮ್ಮ ಪೈಪಿಗೆ ಹಿಡಿಸುವುದಿಲ್ಲ. ಯಾರಾದರೂ ಪುಟದ ಮೂಲೆ ಮಡಿಸಿದರೆ ಹದಿನೆಂಟು ವರ್ಷ ಬೈದುಕೊಂಡು ಬಂದವಳು ನಾನು. ಇವತ್ತು ಬ್ಲೇಡು ಹಿಡಿದು ಪುಸ್ತಕದ ಬೆನ್ನು ಸೀಳಿದೆ. ಹಾಳೆಗಳನ್ನು ಸುರುಳಿ ಸುತ್ತಿ ಕಳಿಸುತ್ತಿದ್ದೇನೆ.

ಇಲ್ಲಿ ಗಣಿಯ ಬಾಯಲ್ಲಿ ನಮ್ಮಂಥವರಿಗೆಲ್ಲ ಡೇರೆ ಹಾಕಿದ್ದಾರೆ. ಮನಸ್ಸಿನ ಆರೋಗ್ಯ ನೋಡಿಕೊಳ್ಳಲು ಬಂದಿರುವ ಸಲಹೆಗಾರ್ತಿಯೊಬ್ಬರು ನಾವು ಬರೆಯುವ ಪ್ರತಿ ಪತ್ರವನ್ನೂ ಓದಿಯೇ ಡಬ್ಬಿಗೆ ಹಾಕುತ್ತಾರೆ. ನಿಮಗೆ ನೋವಾಗುವಂಥದ್ದೇನೂ ಇರಬಾರದಂತೆ. ಪುಸ್ತಕದ ಹಾಳೆಗಳನ್ನು ಮಾತ್ರ ಓದುವುದಿಲ್ಲ, ಅಷ್ಟೆಲ್ಲ ಓದಲು ಅವರಿಗೆ ಪುರುಸೊತ್ತೆಲ್ಲಿ?

ಊಟ ಸರಿಯಾಗಿ ಮಾಡು.

ನಿನ್ನ ಅಕ್ಕ

ಜೂನ್ 23

ಅಕ್ಕಾ,

ಎರಡನೆಯ ಸಂಪುಟ ಮುಗಿಯಿತು. ಮೂರನೆಯದು ಬೇಗ ಕಳಿಸದಿದ್ದರೆ ಇಲ್ಲಿ ದಂಗೆಯೇಳುತ್ತಾರೆ.

ಮೇಲಿಂದ ತಂತಿ ಎಳೆದು ಕೋಣೆಯ ನಡುವೆ ಒಂದು ಬಲ್ಬು ಹಾಕಿದ್ದೇನೆ. ಅದರ ಕೆಳಗೆ ಮಗುಚಿದ ಬಕೆಟ್ಟೇ ನನ್ನ ಪೀಠ. ಮೊದಲ ದಿನ ನಾಲ್ಕೇ ಮಂದಿ ಹತ್ತಿರ ಬಂದರು. ನಮ್ಮಲ್ಲಿ ಬಂಡೆ ಕೊರೆಯುವವನೊಬ್ಬನಿದ್ದಾನೆ, ಎಲ್ಲದಕ್ಕೂ ಗೊಣಗುವುದರಿಂದ ಅವನಿಗೆ ಗೊಣಗಪ್ಪ ಎಂದೇ ಹೆಸರು. "ಗಾಳಿ ಕದಿಯೋದಂತೆ! ಚೀಲದಲ್ಲಿ ತುಂಬ್ಕೊಂಡು ಹೋದ್ಲಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಐವತ್ತೊಂದನೆಯ ಪುಟದಲ್ಲಿ ನನಗೆ ಕೆಮ್ಮು ಬಂದು ನಿಲ್ಲಿಸಿದೆ. ಗೋಡೆಯ ಕಡೆಯಿಂದಲೇ ದನಿ ಬಂತು: "ಮುಂದೆ ಓದಯ್ಯ. ಹಾಯಿ ಹರೀತೋ ಇಲ್ವೋ?"

ನಮ್ಮ ಮೇಸ್ತ್ರಿಗೆ ಅರವತ್ತರ ಹತ್ತಿರ. ನಲವತ್ತು ವರ್ಷ ಇದೇ ಗಣಿಯಲ್ಲಿದ್ದವರು. ಅವರದು ಒಂದೇ ಕಟ್ಟಳೆ: ಓದುವಾಗ ಬಂಡೆ ಲಟ್ ಎಂದರೂ ನಾನು ನಿಲ್ಲಿಸಬಾರದು. "ವಾಕ್ಯ ಅರ್ಧಕ್ಕೆ ಬಿಡ್ಬೇಡ ಕರೆಂಟು" ಎನ್ನುತ್ತಾರೆ. ವೈರಿನ ಕೆಲಸದವನಲ್ಲವೇ, ಇಲ್ಲಿ ನಾನು ಎಲ್ಲರಿಗೂ ಕರೆಂಟು.

ಅಂದ ಹಾಗೆ ಎರಡನೆಯ ಸಂಪುಟದಲ್ಲಿ ಹನ್ನೆರಡು ಪುಟ ಇರಲಿಲ್ಲ. ನೆಲಮಾಳಿಗೆ ಇತ್ತು ತಾನೆ? ಆ ಪುಟಗಳಲ್ಲಿ ಏನಾಗಿರಬಹುದೆಂದು ಎರಡು ಪಂಗಡವಾಗಿ ಮಾತು ಬಿಟ್ಟಿದ್ದರು. ಕೊನೆಗೆ ಮೇಸ್ತ್ರಿ ಪಂಚಾಯಿತಿ ಮಾಡಿದರು.

ಡ್ರಿಲ್ಲಿನ ಸದ್ದು ಬಂಡೆಯೊಳಗಿಂದ ಸಣ್ಣಗೆ ಗುಂಯ್ ಎಂದು ಬರುತ್ತದೆ. ಗೋಡೆಗೆ ಬೆನ್ನು ಕೊಟ್ಟರೆ ಮೈಗೇ ತಿಳಿಯುತ್ತದೆ. ಅದಿದ್ದರೆ ನಿದ್ದೆ ಹತ್ತುತ್ತದೆ. ಮೇಲೆ ಪಾಳಿ ಬದಲಾಗುವಾಗ ಒಂದಿಷ್ಟು ಹೊತ್ತು ನಿಂತರೂ ಸಾಕು, ಗಾಢ ನಿದ್ದೆಯಲ್ಲಿದ್ದವರೂ ಎದ್ದು ಕೂರುತ್ತಾರೆ.

ಇದು ನಿನಗೆ ಮಾತ್ರ. ನಿನ್ನೆ ಕೈ ನಡುಗಿ ಹಾಳೆ ಹಿಡಿಯಲಾಗಲಿಲ್ಲ. ಬಲ್ಬು ಸಡಿಲವಾಗಿದೆ ಎಂದು ನೆಪ ಹೇಳಿ ಎದ್ದು ಹೋದೆ.

ಪುಟ್ಟ

ಜುಲೈ 3

ಪುಟ್ಟಾ,

ನೆಲಮಾಳಿಗೆಯೇ ಇತ್ತು. ನೀವು ಜಗಳವಾಡಿ ಕಟ್ಟಿದ ಕಥೆ ಅದಕ್ಕಿಂತ ಚೆನ್ನಾಗಿದೆ.

ಐದನೆಯ ಸಂಪುಟದ ಕೊನೆಯ ಭಾಗ ನಾಡಿದ್ದು ಇಳಿಯುತ್ತದೆ. ಇಲ್ಲಿ ಡೇರೆಯಲ್ಲೂ ಎಲ್ಲರಿಗೂ ಅದೇ ಹುಚ್ಚು. ಮೇಸ್ತ್ರಿಯವರ ಹೆಂಡತಿ ನಿಮಗೆ ಕಳಿಸುವ ಸುರುಳಿಯನ್ನು ಮೊದಲು ತಾವು ಓದಿಯೇ ನನ್ನ ಕೈಗೆ ಕೊಡುವುದು. "ಅವರು ಇವತ್ತು ಎಲ್ಲಿದ್ದಾರೆ ಅಂತ ನನಗೆ ಗೊತ್ತಿರ್ಬೇಕು" ಎನ್ನುತ್ತಾರೆ. ಅವರ ಮಟ್ಟಿಗೆ ಗಂಡ ಈಗ ಯಾವುದೋ ದ್ವೀಪದಲ್ಲಿದ್ದಾರೆ.

ಆರನೆಯ ಸಂಪುಟ ಬೈಂಡಿಂಗಿಗೆ ಹೋಗಿದೆಯಂತೆ, ತರಿಸುತ್ತಿದ್ದೇನೆ. ಡ್ರಿಲ್ಲನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದಾರೆ, ಎಣ್ಣೆಗಿಣ್ಣೆ ಹಾಕುತ್ತಿರಬೇಕು. ಚಿಂತೆ ಬೇಡ.

ನಿನ್ನ ಅಕ್ಕ

ಜುಲೈ 5

ಅಕ್ಕಾ,

ನೀನು ಸುಳ್ಳು ಹೇಳುವಾಗಲೆಲ್ಲ "ಚಿಂತೆ ಬೇಡ" ಎನ್ನುತ್ತೀಯ. ಅಪ್ಪನ ಆಪರೇಷನ್ನಿನ ದಿನವೂ ಹಾಗೇ ಹೇಳಿದ್ದೆ.

ಮೂರು ದಿನದಿಂದ ಸದ್ದಿಲ್ಲ. ಮೂರು ದಿನ ಯಾರಾದರೂ ಎಣ್ಣೆ ಹಾಕುತ್ತಾರಾ? ಫೋನಿನಲ್ಲಿ ಎಂಜಿನಿಯರನ್ನು ಕೇಳಿದರೆ, "ಎಲ್ಲ ಯೋಜನೆ ಪ್ರಕಾರ ನಡೀತಿದೆ, ಧೈರ್ಯವಾಗಿರಿ" ಎಂದು ಇಟ್ಟುಬಿಟ್ಟರು. ಗೊಣಗಪ್ಪ ಗೊಣಗುವುದನ್ನು ನಿಲ್ಲಿಸಿದ್ದಾನೆ. ಅದನ್ನು ನೋಡಿಯೇ ಎಲ್ಲರ ಜೀವ ಅರ್ಧ ಹೋಗಿದೆ. ಇಬ್ಬರು ಊಟ ಮುಟ್ಟುತ್ತಿಲ್ಲ. ಒಬ್ಬ ಗೋಡೆಗೆ ಕಿವಿ ಹಚ್ಚಿ ಕೂತವನು ಏಳುತ್ತಲೇ ಇಲ್ಲ, ಅವನ ಕಿವಿ ಕೆಂಪಗೆ ಸುಲಿದಿದೆ.

ಗೊತ್ತಿಲ್ಲದೆ ಇರುವಾಗ ನಮ್ಮ ತಲೆ ಏನೇನೋ ಹೇಳುತ್ತದೆ. ನಮ್ಮನ್ನು ಬಿಟ್ಟು ಹೊರಟುಹೋಗಿದ್ದೀರಿ ಎನ್ನುತ್ತದೆ. ಇಷ್ಟು ಬರೆಯುವಾಗಲೂ ನನ್ನ ಹಲ್ಲು ಕಟಕಟ ಎನ್ನುತ್ತಿದೆ, ಚಳಿಯೇನೂ ಇಲ್ಲ.

ಎರಡು ಪ್ರಶ್ನೆ. ಡ್ರಿಲ್ಲು ಯಾಕೆ ನಿಂತಿದೆ? ಆರನೆಯ ಸಂಪುಟ ಇದೆಯೇ, ಇಲ್ಲವೇ?

ಪುಟ್ಟ

ಜುಲೈ 6
(ಐದನೆಯ ಸಂಪುಟದ ಕೊನೆಯ ಖಾಲಿ ಹಾಳೆಯಲ್ಲಿ, ಪೆನ್ಸಿಲಿನಲ್ಲಿ)

ಪುಟ್ಟಾ,

ಪುಸ್ತಕದ ಹಾಳೆಯನ್ನು ಸಲಹೆಗಾರ್ತಿ ಓದುವುದಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಕದ್ದು ಕಳಿಸುತ್ತಿದ್ದೇನೆ ಎಂದೇ ತಿಳಿ.

ಆರನೆಯ ಸಂಪುಟ ಇಲ್ಲ. ಐದನೆಯದು ಅಚ್ಚಾದ ಮರುವರ್ಷ ಲೇಖಕಿ ತೀರಿಕೊಂಡರಂತೆ. ಅವರ ಮಗಳಿಗೆ ಫೋನ್ ಮಾಡಿದೆ. "ಮನೆಯೆಲ್ಲಾ ಹುಡುಕಿದ್ದೀವಿ ಕಣಮ್ಮ, ಒಂದು ಪುಟಾನೂ ಇಲ್ಲ" ಎಂದರು. ಕೊನೆಯ ಸಂಪುಟ ಇದೆಯೋ ಇಲ್ಲವೋ ನೋಡದೆ ನಿಮ್ಮ ಕೈಗೆ ಕೊಟ್ಟೆ. ನನ್ನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಡ್ರಿಲ್ಲಿನ ಮೂತಿ ಮುರಿದು ತೂತಿನೊಳಗೇ ಸಿಕ್ಕಿಕೊಂಡಿದೆ. ಮುಕ್ಕಾಲು ದಾರಿ ಬಂದಿತ್ತು. ಈಗ ತೆಗೆಯಲೂ ಆಗುತ್ತಿಲ್ಲ, ಮುಂದೂಡಲೂ ಆಗುತ್ತಿಲ್ಲ. ಹೊಸ ತೂತು ಕೊರೆಯಬೇಕು, ಇನ್ನೂ ಮೂರು ತಿಂಗಳಾಗಬಹುದು. ನಿಮಗೆ ಹೇಳಕೂಡದೆಂದು ಅಪ್ಪಣೆಯಾಗಿದೆ. ಆದರೆ ಯಾರೂ ನಿಮ್ಮನ್ನು ಬಿಟ್ಟು ಹೋಗಿಲ್ಲ. ನಾನಿರುವ ಜಾಗದಿಂದಲೇ ಮೂವತ್ತು ನಲವತ್ತು ಮಂದಿ ಓಡಾಡುವುದು ಕಾಣುತ್ತದೆ.

ನನಗೂ ಹೆದರಿಕೆ. ನೀನು ಅಲ್ಲಿ ನಡುಗುವುದಕ್ಕಿಂತ ಹೆಚ್ಚೇ ಇರಬೇಕು, ಯಾಕೆಂದರೆ ನನಗೆ ಮೇಲೆ ಆಕಾಶ ಕಾಣುತ್ತದೆ, ಆ ನಾಚಿಕೆಯೂ ಸೇರಿದೆ.

ಅಕ್ಕ

ಜುಲೈ 9

ಪುಟ್ಟಾ,

ಮೂರು ದಿನವಾಯಿತು. ಊಟದ ಡಬ್ಬಿ ಖಾಲಿಯಾಗಿ ಮೇಲೆ ಬರುತ್ತಿದೆ, ಕಾಗದ ಬರುತ್ತಿಲ್ಲ. ಫೋನು ಎತ್ತಿದವರು "ಹಾಂ, ಹೂಂ" ಎಂದಷ್ಟೇ ಇಡುತ್ತಾರಂತೆ.

ನಾನು ಏನು ಮಾಡಿಬಿಟ್ಟೆ? ಮೇಸ್ತ್ರಿಯವರ ಹೆಂಡತಿಯ ಮುಖ ನೋಡಲಾಗುತ್ತಿಲ್ಲ. ಇವತ್ತು ಬೆಳಿಗ್ಗೆ ಸಲಹೆಗಾರ್ತಿಯ ಬಳಿಗೆ ಹೋಗಿ ಹಾಳೆಯಲ್ಲಿ ಬರೆದು ಕಳಿಸಿದ್ದನ್ನು ಹೇಳಿಬಿಟ್ಟೆ. ಉಗಿಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದಿಟ್ಟರು. ಆಮೇಲೆ, "ಹೇಳ್ಬೇಕು ಅಂತ ನಾನೂ ಎರಡು ಸಲ ಫೋನ್ ಕೈಗೆತ್ಕೊಂಡಿದ್ದೆ. ಹೆದರಿ ಇಟ್ಬಿಟ್ಟೆ" ಎಂದರು. ಈ ಪತ್ರವನ್ನು ಅವರು ಓದಿಲ್ಲ. ನನ್ನ ಮುಂದೆಯೇ ಡಬ್ಬಿಗೆ ಹಾಕುತ್ತಿದ್ದಾರೆ.

ಒಂದು ಗೀಟಾದರೂ ಎಳೆದು ಕಳಿಸು.

ಅಕ್ಕ

ಜುಲೈ 10

ಅಕ್ಕಾ,

ಹೆದರಿಸಿಬಿಟ್ಟೆವು, ತಪ್ಪಾಯಿತು. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಆ ಸುರುಳಿಯನ್ನು ಬಿಚ್ಚಿದ್ದು ಮೇಸ್ತ್ರಿ. ಕೊನೆಯ ಹಾಳೆಯನ್ನು ನನಗೆ ಕೊಡಲಿಲ್ಲ. ಮರುದಿನ ಎಲ್ಲರನ್ನೂ ಬಲ್ಬಿನ ಕೆಳಗೆ ಕೂರಿಸಿ ತಾವೇ ಎದ್ದು ನಿಂತು ಓದಿದರು. ಗೊಣಗಪ್ಪ ಪೈಪನ್ನು ಕಲ್ಲಿನಿಂದ ಬಡಿಯಲು ಶುರುಮಾಡಿದ. "ಇನ್ನೂ ಮೂರು ತಿಂಗ್ಳಾ! ಮೂರು ತಿಂಗ್ಳಾ!" ಎಂದು ಕೂಗುತ್ತಿದ್ದವನು ಹಾಗೇ ಕುಸಿದು ಅತ್ತ. ಒಬ್ಬರೂ ಸಮಾಧಾನ ಮಾಡಲಿಲ್ಲ. ಮಾಡುವವರಿಗೇ ಸಮಾಧಾನ ಬೇಕಿತ್ತು. ಎರಡು ದಿನ ಹೀಗೇ ಹೋಯಿತು, ಮಲಗುವುದು, ಏಳುವುದು, ಒಬ್ಬರನ್ನೊಬ್ಬರು ನೋಡದಿರುವುದು.

ನಿನ್ನೆ ಮೇಸ್ತ್ರಿ ಬಂದು ನನ್ನ ಪಕ್ಕ ಕೂತರು. "ಕರೆಂಟು, ಒಂದು ದಾರಿ ಇದೆ. ಇಷ್ಟು ದಿನ ಬಾಯಿ ಬಿಟ್ಟಿರ್ಲಿಲ್ಲ. ಡ್ರಿಲ್ಲು ಬರ್ತಿದೆ ಅಂತ ಸುಮ್ನಿದ್ದೆ."

ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಲ್ಲೊಂದು ಗಾಳಿಬಾವಿ ಇತ್ತಂತೆ, ಮೇಲಿಂದ ನೇರ ಕೆಳಕ್ಕೆ, ಗಣಿಯೊಳಗೆ ಗಾಳಿಯಾಡಲೆಂದು ತೋಡಿದ್ದು. ಆಮೇಲೆ ಕಲ್ಲು ಮಣ್ಣು ತುಂಬಿ ಮುಚ್ಚಿದರು. ಈಗಿನ ನಕ್ಷೆಗಳಲ್ಲಿ ಅದು ಇಲ್ಲ. ಅದರ ಬುಡ ನಮ್ಮ ಕೋಣೆಯಿಂದ ಐವತ್ತು ಹೆಜ್ಜೆಯಲ್ಲಿ, ಒಂದು ಇಟ್ಟಿಗೆ ಗೋಡೆಯ ಹಿಂದಿದೆ. ಬಂಡೆಯಲ್ಲವಾದ್ದರಿಂದ ಮೇಲಿನವರಿಗೆ ತೋಡುವುದು ಸುಲಭ. ಆದರೆ ಮೇಲೆ ತೋಡಿದಷ್ಟೂ ಕೆಳಗಿನದು ಸಡಿಲವಾಗುತ್ತದೆ. ಗೋಡೆ ಒಡೆದು ಆ ಕಲ್ಲುಗಳನ್ನು ನಾವೇ ಇತ್ತಕಡೆ ಎಳೆದು ಹಾಕಬೇಕು. ಎಲ್ಲವೂ ಒಮ್ಮೆಲೇ ಸುರಿದರೆ ಮುಗಿಯಿತು.

"ಹೇಳೋಕೆ ಭಯ ಆಗ್ತಿತ್ತು. ನನ್ನ ಮಾತು ಕೇಳಿ ನೀವು ಸತ್ರೆ?" ಎಂದರು.

ಒಬ್ಬೊಬ್ಬರನ್ನೇ ಕೇಳಿದೆವು. ಗೊಣಗಪ್ಪ ಕೊನೆಯವನು. "ಮೂರು ತಿಂಗಳು ಇಲ್ಲಿ ಕೂತು ಈ ಕರೆಂಟಿನ ಮುಖ ನೋಡೋದಕ್ಕಿಂತ ಕಲ್ಲು ಹೊರೋದೇ ವಾಸಿ" ಎಂದ. ಅವನು ಮತ್ತೆ ಗೊಣಗಿದ್ದಕ್ಕೆ ನಾವು ಎಷ್ಟು ನಕ್ಕೆವೆಂದರೆ ಕೆಲವರ ಕಣ್ಣಲ್ಲಿ ನೀರು ಬಂತು.

ಜೊತೆಗಿರುವುದು ಮೇಸ್ತ್ರಿ ಬರೆದ ನಕ್ಷೆ. ಈಗಲೇ ಎಂಜಿನಿಯರ ಕೈಗೆ ಕೊಡು. ನಾಳೆ ಗೋಡೆ ಒಡೆಯುತ್ತೇವೆ. ನನ್ನ ಕೈ ನಡುಗುತ್ತಲೇ ಇದೆ. ಈ ಸಲ ನೆಪ ಹೇಳಲಿಲ್ಲ, ಎಲ್ಲರಿಗೂ ತೋರಿಸಿದೆ.

ಪುಟ್ಟ

ಜುಲೈ 25

ಲೈಬ್ರರಿಯ ತಂಗಿಗೆ ಮೇಸ್ತ್ರಿ ಬರೆಯುವುದು,

ನಿನ್ನ ತಮ್ಮ ಈಗಷ್ಟೇ ತೊಟ್ಟಿಲು ಹತ್ತಿದ. ಅವನು ಹತ್ತನೆಯವನು. ಗಾಳಿಬಾವಿಯೊಳಗೆ ಮೇಲಿಂದ ಇಳಿಸುವ ಕಬ್ಬಿಣದ ಗೂಡಿಗೆ ನಾವು ತೊಟ್ಟಿಲು ಎನ್ನುತ್ತೇವೆ. "ನೀವು ಮೊದ್ಲು ಹೋಗಿ" ಎಂದು ಹಟ ಹಿಡಿದಿದ್ದ. ಬೈದು ಒಳಗೆ ತಳ್ಳಿದೆ. ಅದು ಮೇಲೆ ಹೋಗಿ ಮತ್ತೆ ಇಳಿಯುವ ತನಕ ಇಲ್ಲಿ ನಾನೊಬ್ಬನೇ. ಕೈಗೇನಾದರೂ ಕೆಲಸ ಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ನಿನಗೊಂದು ಮಾತು ಹೇಳಬೇಕು. ಹುಡುಗರಿಗೆ ಹೇಳಿಲ್ಲ. ನಿನ್ನ ಆ ಪೆನ್ಸಿಲಿನ ಹಾಳೆಯನ್ನು ನಾನು ಒಂದು ಇಡೀ ದಿನ ಅಂಗಿಯ ಒಳಗೆ ಬಚ್ಚಿಟ್ಟಿದ್ದೆ. ಹರಿದು ನುಂಗಿಬಿಡಲೇ ಎಂದೂ ಯೋಚಿಸಿದೆ. ಹತ್ತು ಮುಖ ನನ್ನ ಕಡೆ ತಿರುಗುತ್ತವಲ್ಲ, ಆ ಹೆದರಿಕೆ. ಆಮೇಲೆ ಅನ್ನಿಸಿತು, ಪುಸ್ತಕ ಮುಗಿದಿಲ್ಲ ಎನ್ನುವುದನ್ನೇ ಈ ಹೆಣ್ಣುಮಗಳು ಮುಚ್ಚಿಡಲಿಲ್ಲ, ನಾನು ಬಾವಿಯ ವಿಷಯ ಮುಚ್ಚಿಟ್ಟುಕೊಂಡು ಕೂತಿದ್ದೇನಲ್ಲ ಎಂದು.

ಮೇಲಿನವರು ತೋಡುತ್ತ ಬಂದರು, ಕೆಳಗೆ ನಾವು ಹದಿನೈದು ದಿನ ಕಲ್ಲು ಎಳೆದೆವು. ಎರಡು ಸಲ ಮೇಲಿನದು ಜಾರಿತು. ಎರಡನೆಯ ಸಲ ಗೊಣಗಪ್ಪನ ಕಾಲು ಸಿಕ್ಕಿಕೊಂಡು ಮುರಿಯಿತು. ನಿನ್ನ ತಮ್ಮ ಓಡಲಿಲ್ಲ. ಅಳುತ್ತಲೇ ಕಲ್ಲು ತೆಗೆದ.

ನಲವತ್ತು ವರ್ಷದಲ್ಲಿ ನಾನು ಇಲ್ಲಿ ಒಬ್ಬನೇ ಇದ್ದದ್ದೇ ಇಲ್ಲ. ಯಾರದಾದರೂ ಕೆಮ್ಮು, ಯಾರದಾದರೂ ಬೂಟು ಕೇಳುತ್ತಿತ್ತು. ಈಗ ಹನ್ನೊಂದು ಹಾಸಿಗೆ ಇವೆ, ಜನ ಇಲ್ಲ. ಬಂಡೆ ಈಗ ತಾನೆ ಲಟ್ ಎಂದಿತು. ಗಟ್ಟಿಯಾಗಿ "ಯಾರು?" ಎಂದೆ ನೋಡು, ಹುಚ್ಚನ ಹಾಗೆ. ಬರೆದರೆ ಪರವಾಗಿಲ್ಲ, ಬರೆಯುವುದು ನಿಲ್ಲಿಸಿದರೆ ಉಸಿರು ಸಿಗುವುದಿಲ್ಲ.

ನನ್ನ ಹೆಂಡತಿ ಅದೇ ಪುಟಗಳನ್ನು ನನಗಿಂತ ಮೊದಲೇ ಓದುತ್ತಿದ್ದಳೆಂದು ನಿನ್ನ ತಮ್ಮ ಹೇಳಿದ. ಮೂವತ್ತೆರಡು ವರ್ಷದಲ್ಲಿ ನಾವಿಬ್ಬರೂ ಜೊತೆಯಲ್ಲಿ ಒಂದು ಸಿನಿಮಾ ಕೂಡ ಪೂರ್ತಿ ನೋಡಿಲ್ಲ. ಮೊದಲು ಅವಳಿಗೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೇನೆ. ಹೊಳೆಯುತ್ತಿಲ್ಲ.

ಸರಪಳಿ ಅಲುಗಿತು. ಬೆಳಕು ಕಾಣುತ್ತಿದೆ. ಬಂತು, ತಂಗೀ, ಬಂತು

ಸೆಪ್ಟೆಂಬರ್ 28

ಅಕ್ಕಾ,

ನೀನು ಬಂದು ಹೋದ ಮೇಲೆ ರೂಮು ಬಿಕೋ ಎನ್ನುತ್ತಿದೆ.

ಮೇಸ್ತ್ರಿಯವರ ಮನೆಗೆ ಹೋಗಿದ್ದೆ. ಅಂದು ಅವರು ಹೊರಬಂದು ಹೆಂಡತಿಯ ಎದುರು ನಿಂತು ಒಂದು ಮಾತೂ ಆಡಲಾಗದೆ ಬಾಯಿ ತೆರೆದು ಮುಚ್ಚಿದ್ದನ್ನು ನೀನೇ ನೋಡಿದ್ದೀಯಲ್ಲ. ಈಗ ಇಬ್ಬರೂ ಬೇರೆ ಯಾವುದೋ ಮಾಲಿಕೆ ಹಿಡಿದಿದ್ದಾರೆ. ಒಂದೇ ಪ್ರತಿ, ಪುಟ ತಿರುಗಿಸುವುದಕ್ಕೆ ಜಗಳ. ಗೊಣಗಪ್ಪನ ಕಾಲು ಕೂಡಿಕೊಂಡಿದೆ. ಆರನೆಯ ಸಂಪುಟದಲ್ಲಿ ಏನಾಗಬೇಕಿತ್ತೆಂದು ಅವನು ವಾರಕ್ಕೊಮ್ಮೆ ಫೋನ್ ಮಾಡಿ ಹೇಳುತ್ತಾನೆ. ಪ್ರತಿ ವಾರವೂ ಕಥೆ ಬೇರೆ.

ನೀನು ನನ್ನ ವಿಷಯ ಕೇಳಿದ್ದೆ. ಫೋನಿನಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ಹೊಸ ಕೆಲಸ ನೆಲದ ಮೇಲಿನದೇ, ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ. ಆದರೆ ಸ್ವಿಚ್ಚುಗಳಿರುವ ಕೋಣೆ ಸಣ್ಣದು, ಕಿಟಕಿ ಇಲ್ಲ, ಕಬ್ಬಿಣದ ಬಾಗಿಲು. ಸೋಮವಾರ ನಾನು ಒಳಗಿದ್ದಾಗ ಗಾಳಿಗೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಚಿಲಕವನ್ನೂ ಹಾಕಿರಲಿಲ್ಲ. ತಳ್ಳಿದ್ದರೆ ತೆರೆಯುತ್ತಿತ್ತು. ನನ್ನಿಂದ ಕೈ ಎತ್ತಲಾಗಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ.

ನಮ್ಮ ಪಂಪ್‌ಹೌಸಿನ ವೆಲ್ಡರ್, ಒಬ್ಬ ಹಿರಿಯ, ಅಷ್ಟಾಗಿ ಮಾತಿಲ್ಲದವರು, ಏನೋ ಕೇಳಲು ಬಂದು ಬಾಗಿಲು ತೆರೆದರು. "ಏನಯ್ಯಾ, ಬಿದ್ಯಾ?"

ತಲೆಸುತ್ತು ಎನ್ನಬಹುದಿತ್ತು. "ಇಲ್ಲ ಅಣ್ಣಾ. ಭಯ ಆಯ್ತು. ಬಾಗಿಲು ಮುಚ್ಚಿದ್ರೆ ನನಗೆ ಭಯ ಆಗುತ್ತೆ" ಎಂದೆ.

ಅವರು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ ಹೊರಟುಹೋದರು. ಎಲ್ಲರಿಗೂ ಹೇಳಿ ನಗುತ್ತಾರೆಂದುಕೊಂಡೆ. ಸುತ್ತಿಗೆ, ಉಳಿ ಹಿಡಿದುಕೊಂಡು ವಾಪಸ್ ಬಂದರು. ಕೀಲಿನ ಮೊಳೆಗಳನ್ನು ಒಂದೊಂದಾಗಿ ಹೊಡೆದು ತೆಗೆದರು. "ಆ ಕಡೆ ಹಿಡ್ಕೋ, ಭಾರ ಇದೆ" ಎಂದರು. ಇಬ್ಬರೂ ಹಿಡಿದು ಇಳಿಸಿದೆವು.

"ಮೇಲಿನವ್ರು ಕೇಳಿದ್ರೆ?" ಎಂದೆ.

"ತುಕ್ಕು ಹಿಡಿದಿತ್ತು ಅಂತೀನಿ."

ಮಧ್ಯಾಹ್ನ ಆ ಬಾಗಿಲನ್ನು ಹೊರಗೆ ಎರಡು ಡ್ರಮ್ಮುಗಳ ಮೇಲೆ ಅಡ್ಡ ಮಲಗಿಸಿದೆವು. ಈಗ ಎಲ್ಲರೂ ಊಟದ ಡಬ್ಬಿ ಬಿಚ್ಚುವುದು ಅದರ ಮೇಲೆಯೇ. ಬಿಸಿಲಿಗೆ ಕಾದಿರುತ್ತದೆ, ಮೊಣಕೈ ಊರಿದರೆ ಚುರ್ ಎನ್ನುತ್ತದೆ. ಕೆಳಗೊಂದು ಚೀಲ ಹಾಸಿಕೊಂಡು ಈ ಕಾಗದವನ್ನೂ ಅದರ ಮೇಲೆಯೇ ಇಟ್ಟು ಬರೆಯುತ್ತಿದ್ದೇನೆ.

ನಿನ್ನ
ಪುಟ್ಟ